ಹುಟ್ಟು ಹಾಕಿದ ಹೆಂಗಸರು

ಹೋದ ದೀಪಾವಳಿಗೆ ಅವ್ವ ಪುಣೆಗೆ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಜಿಮ್ ನೋಡಬೇಕು ಎಂದಳು. ನೆಲಮಾಳಿಗೆಯಲ್ಲಿ, ಪಾರ್ಕಿಂಗಿಗೆ ಅಂಟಿಕೊಂಡಿರುವ ಸಣ್ಣ ಕೋಣೆ. ಎರಡು ಟ್ರೆಡ್‌ಮಿಲ್, ಒಂದು ಸೈಕಲ್ಲು, ಒಂದಷ್ಟು ಡಂಬೆಲ್ಲುಗಳು, ಗೋಡೆಯುದ್ದಕ್ಕೂ ಚಾಚಿಕೊಂಡ ಒಂದು ರೋಯಿಂಗ್ ಮಶೀನು. ನಾನು ಅದರ ಮೇಲೆ ಕೂತು, ಪಾದಕ್ಕೆ ಪಟ್ಟಿ ಬಿಗಿದುಕೊಂಡು ಹತ್ತು ನಿಮಿಷ ಎಳೆದೆ. ಅವ್ವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಸೀಟು ಹಿಂದೆ ಮುಂದೆ ಜಾರುವುದನ್ನೂ ನನ್ನ ಬೆವರನ್ನೂ ನೋಡಿದಳು. ಮುಗಿದ ಮೇಲೆ ಕೇಳಿದಳು: "ಇಷ್ಟ ಜಗ್ಗಿದ್ರ ಬಾವ್ಯಾಗಿನ ನೀರರ ಮ್ಯಾಲ ಬರತಿತ್ತಲ್ಲ, ತಂಗಿ. ಇದ್ರಾಗ ಏನ್ ಬಂತು?"

ನಾನು ಮಶೀನಿನ ಪುಟ್ಟ ಪರದೆ ತೋರಿಸಿದೆ. ಇಷ್ಟು ಮೀಟರು, ಇಷ್ಟು ನಿಮಿಷ, ಇಷ್ಟು ವ್ಯಾಟ್. ಅವ್ವ ಕನ್ನಡಕ ಏರಿಸಿ ನೋಡಿ, "ಬರೇ ಲೆಕ್ಕ" ಎಂದಳು.

ಅವಳ ಮಾತು ಅಂದಿನಿಂದ ತಲೆಯಲ್ಲಿ ಉಳಿದಿದೆ. ಅವ್ವನ ತಲೆಮಾರಿನವರು ಹಗ್ಗ ಜಗ್ಗಿದರು, ಮೊಸರು ಕಡೆದರು, ಬೀಸಿದರು, ಕುಟ್ಟಿದರು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ, ಯಾರೂ ಅಳೆಯಲೂ ಇಲ್ಲ. ನನ್ನ ಕಥೆ ಉಲ್ಟಾ. ದಿನಕ್ಕೆ ಒಂಬತ್ತು ಗಂಟೆ ಕೂತು ಅನುವಾದ ಮಾಡಿ ಸೊಂಟ ಹಿಡಿದುಕೊಂಡಿತು, ಡಾಕ್ಟರು ವ್ಯಾಯಾಮ ಮಾಡಿ ಎಂದರು. ಆಗ ಹೋದ ಮೊದಲ ಜಿಮ್ಮಿನಲ್ಲಿ ಫಾರ್ಮ್ ಕೊಟ್ಟರು. "ನಿಮ್ಮ ಗುರಿ" ಎಂಬ ಕಡೆ ಗಂಡಸರಿಗೆ ಆರೇಳು ಆಯ್ಕೆಗಳಿದ್ದವು, ಹೆಂಗಸರಿಗೆ ಎರಡೇ: ತೂಕ ಇಳಿಸುವುದು, ಟೋನಿಂಗ್. ಅಲ್ಲಿ ನನ್ನನ್ನು ಅಳೆಯಲು ಇದ್ದ ಉಪಕರಣ ತೂಕದ ಯಂತ್ರ ಮತ್ತು ಟೇಪು. ಮೂಲೆಯಲ್ಲಿದ್ದ ರೋಯಿಂಗ್ ಮಶೀನು ಮಾತ್ರ ನನ್ನ ಸೊಂಟದ ಸುತ್ತಳತೆ ಕೇಳಲಿಲ್ಲ. ನಾನು ಎಷ್ಟು ಬಲವಾಗಿ ಎಳೆದೆ ಎಂದಷ್ಟೇ ಹೇಳಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಓದುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಮೊದಲು ಒಂದು ಪದದ ವಿಷಯ. ಭಾಷಾಶಾಸ್ತ್ರ ಓದಿದವಳಿಗೆ ಇಷ್ಟು ಸಲಿಗೆ ಕೊಡಿ. ದೋಣಿ ನಡೆಸುವ ಮರದ ಸಲಕರಣೆಗೆ ಕನ್ನಡದಲ್ಲಿ ಹುಟ್ಟು ಎನ್ನುತ್ತೇವೆ. ಜನ್ಮಕ್ಕೂ ಹುಟ್ಟು. ಕರ್ನಾಟಕದ ಕೆಲವು ಕಡೆ ಅನ್ನ ಬಡಿಸುವ ಮರದ ಸೌಟಿಗೂ ಹುಟ್ಟೇ. "ಹುಟ್ಟು ಹಾಕು" ಎಂದು ಬಿಡಿಸಿ ಬರೆದರೆ ದೋಣಿ ನಡೆಸುವುದು, "ಹುಟ್ಟುಹಾಕು" ಎಂದು ಕೂಡಿಸಿ ಬರೆದರೆ ಸಂಘವನ್ನೋ ಪತ್ರಿಕೆಯನ್ನೋ ಸ್ಥಾಪಿಸುವುದು. ಆದರೆ ಇಂಗ್ಲಿಷಿನವರು ಎರಡು ಮಾಡಿ ಹೇಳುವ ಒಂದು ಭೇದಕ್ಕೆ ನಮ್ಮಲ್ಲಿ ಬೇರೆ ಪದವಿಲ್ಲ. ನಮ್ಮ ಹರಿಗೋಲಿನ ಅಂಬಿಗ ಹೋಗುವ ದಿಕ್ಕಿಗೆ ಮುಖ ಮಾಡಿ, ಕೈಯಲ್ಲಿ ಹಿಡಿದ ಹುಟ್ಟಿನಿಂದ ನೀರನ್ನು ತಳ್ಳುತ್ತಾನೆ. ಅದು ಪ್ಯಾಡ್ಲಿಂಗ್. ರೋಯಿಂಗ್ ಮಾಡುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಹುಟ್ಟು ದೋಣಿಯ ಅಂಚಿಗೆ ಸಿಕ್ಕಿಸಿದ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಬಲ ಬರುವುದು ಹೆಚ್ಚಾಗಿ ಕಾಲಿನಿಂದ, ಆಮೇಲೆ ಬೆನ್ನು, ಕಟ್ಟಕಡೆಗೆ ತೋಳು. ಜಿಮ್ಮಿನ ಮಶೀನು ಈ ಎರಡನೆಯದರ ಅನುಕರಣೆ.

ನಿಘಂಟು ತಿರುವುವವರಿಗೆ ಈ ಕಥೆಯೊಳಗೆ ಹೋಗಲು ಸಲೀಸಾದ ಒಂದು ಬಾಗಿಲಿದೆ. ಅದರ ಹೆಸರು ಫ್ರೆಡರಿಕ್ ಫರ್ನಿವಾಲ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕನಸು ಕಂಡ ಮೂಲ ಗುಂಪಿನವರಲ್ಲಿ ಇವರೊಬ್ಬರು. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ ತೀರಿಕೊಂಡಾಗ ಹೊಣೆ ಇವರ ಹೆಗಲಿಗೆ ಬಂತು. ಜೇಮ್ಸ್ ಮರ್ರೆ 1879ರಲ್ಲಿ ವಹಿಸಿಕೊಳ್ಳುವವರೆಗೆ ಪದಗಳ ಚೀಟಿಗಳು ಇವರ ಮನೆಯಲ್ಲೂ ಇವರ ಸಹಾಯಕರ ಮನೆಗಳಲ್ಲೂ ರಾಶಿ ಬಿದ್ದಿದ್ದವು. ಶಿಸ್ತು ಕಡಿಮೆ, ಉತ್ಸಾಹ ಜಾಸ್ತಿ. ಹಳೆಯ ಇಂಗ್ಲಿಷ್ ಹಸ್ತಪ್ರತಿಗಳನ್ನು ಅಚ್ಚು ಹಾಕಿಸಲು 1864ರಲ್ಲಿ ಒಂದು ಸೊಸೈಟಿ ಕಟ್ಟಿದರು. ಕೈಗೆ ಸಿಕ್ಕ ವಿಷಯಕ್ಕೆಲ್ಲ ಒಂದೊಂದು ಸೊಸೈಟಿ ಕಟ್ಟುವ ಚಟ ಅವರದು. ಉಳಿದ ಹೊತ್ತೆಲ್ಲ ಥೇಮ್ಸ್ ನದಿಯ ಮೇಲೆ.

ಆ ಕಾಲದ ಇಂಗ್ಲೆಂಡಿನ ರೋಯಿಂಗ್ ಸಂಘಗಳಲ್ಲಿ ಒಂದು ನಿಯಮವಿತ್ತು. ಕೈಕೆಲಸ ಮಾಡಿ ಕೂಲಿ ಪಡೆಯುವವರು, ಮೆಕ್ಯಾನಿಕ್ಕುಗಳು, ಕುಶಲಕರ್ಮಿಗಳು "ಅಮೆಚೂರ್" ಅಲ್ಲ; ಪಂದ್ಯಕ್ಕೆ ಅವರನ್ನು ಸೇರಿಸುವಂತಿಲ್ಲ. ದುಡಿದ ಮೈಗೆ ಮೊದಲೇ ಬಲ ಬಂದಿರುತ್ತದೆ, ಅದು ಸಭ್ಯರಿಗೆ ಅನ್ಯಾಯ ಎಂಬ ವಾದ. ಒಳಗಿದ್ದದ್ದು ಶುದ್ಧ ಜಾತಿಬುದ್ಧಿ, ನಮಗೆ ಗುರುತು ಸಿಗದಿರುವಂಥದ್ದೇನಲ್ಲ. ಫರ್ನಿವಾಲ್ ಇದರ ವಿರುದ್ಧ ವರ್ಷಗಟ್ಟಲೆ ಗುದ್ದಾಡಿದರು. ಈ ನಿಯಮವಿಲ್ಲದ ಬೇರೊಂದು ರಾಷ್ಟ್ರೀಯ ಸಂಘ 1890ರಲ್ಲಿ ಹುಟ್ಟಿದ್ದರಲ್ಲಿ ಅವರ ಪಾಲಿದೆ.

1896ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿ ಒಂದು ದೋಣಿ ಕ್ಲಬ್ ಶುರು ಮಾಡಿದರು. ಸದಸ್ಯೆಯರು ಯಾರು? ಪ್ರಭುಗಳ ಮಕ್ಕಳಲ್ಲ. ನ್ಯೂ ಆಕ್ಸ್‌ಫರ್ಡ್ ರಸ್ತೆಯ ಚಹಾದಂಗಡಿಯೊಂದರಲ್ಲಿ ಕೂತು ಪ್ರೂಫ್ ತಿದ್ದುವುದು ಫರ್ನಿವಾಲರ ರೂಢಿ. ಅಲ್ಲಿ ಚಹಾ ತಂದುಕೊಡುತ್ತಿದ್ದ ಹುಡುಗಿಯರನ್ನೇ ನದಿಗೆ ಕರೆದರು. ವಾರವೆಲ್ಲ ಟ್ರೇ ಹಿಡಿದು ನಿಂತೇ ದುಡಿಯುವ ಹುಡುಗಿಯರು. ಅವರ ಮೈಗೆ ಗಾಳಿ ಬೇಕು, ಬಿಸಿಲು ಬೇಕು, ಕಾಲು ಚಾಚುವ ಕೆಲಸ ಬೇಕು ಎಂಬುದು ಮುದುಕನ ಸರಳ ತರ್ಕ. ಭಾನುವಾರ ನದಿಯಲ್ಲಿ ಮೇಲಕ್ಕೆ ಹುಟ್ಟು ಹಾಕಿಕೊಂಡು ಹೋಗುವುದು, ದಡದಲ್ಲಿ ಊಟ, ಸಂಜೆ ವಾಪಸು. ಗಂಡಸರಿಗೆ ಸದಸ್ಯತ್ವ ಸಿಕ್ಕಿದ್ದು 1901ರಲ್ಲಿ. ಗಂಡಸರು ಕಟ್ಟಿದ ಕ್ಲಬ್ಬಿಗೆ ಹೆಂಗಸರು ಅರ್ಜಿ ಹಾಕಿ ಸೇರಿದ ಕಥೆಗಳ ನಡುವೆ ಇದೊಂದು ತಿರುಗುಮುರುಗು. ಕ್ಲಬ್ ಇವತ್ತಿಗೂ ಇದೆ, ಫರ್ನಿವಾಲರ ಹೆಸರಿನಲ್ಲಿ. ಫರ್ನಿವಾಲರನ್ನು ಸಂತನನ್ನಾಗಿ ಮಾಡಬೇಕಿಲ್ಲ. ಹೆಂಡತಿಯನ್ನು ಬಿಟ್ಟು ತನಗಿಂತ ತೀರ ಚಿಕ್ಕವಳೊಬ್ಬಳ ಹಿಂದೆ ಹೋದವರು, ಹುಡುಗಿಯರ ಸಹವಾಸದ ಬಗ್ಗೆ ಊರವರು ಆಡಿಕೊಂಡದ್ದೂ ಉಂಟು. ಆದರೆ ಚಹಾದಂಗಡಿಯ ಹುಡುಗಿಯ ಬೆನ್ನು ನೋಯುತ್ತದೆ ಎಂದು ಆ ಕಾಲದಲ್ಲಿ ಎಷ್ಟು ಜನ ವಿದ್ವಾಂಸರಿಗೆ ಹೊಳೆದಿತ್ತು?

ವೈದ್ಯರಿಗಂತೂ ಹೊಳೆದಿದ್ದು ಬೇರೆಯೇ. ಬಾಸ್ಟನ್ನಿನ ಡಾ. ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಒಂದು ಪುಸ್ತಕ ಬರೆದು, ಹುಡುಗಿಯರು ಹುಡುಗರಂತೆ ಓದಿದರೆ ಗರ್ಭಕೋಶಕ್ಕೆ ಹೋಗಬೇಕಾದ ಶಕ್ತಿ ಮೆದುಳಿಗೆ ಹೋಗಿ ಕೆಡುಕಾಗುತ್ತದೆ ಎಂದು ವಾದಿಸಿದರು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಎರಡೇ ವರ್ಷಕ್ಕೆ, ಅದೇ ಬಾಸ್ಟನ್ ಹತ್ತಿರ ಬಾಗಿಲು ತೆರೆದ ವೆಲ್ಸ್ಲಿ ಮಹಿಳಾ ಕಾಲೇಜು ತನ್ನ ಕೆರೆಗೆ ದೋಣಿ ಇಳಿಸಿ ವಿದ್ಯಾರ್ಥಿನಿಯರ ಕೈಗೆ ಹುಟ್ಟು ಕೊಟ್ಟಿತು. ಓದಿದರೂ ಹುಡುಗಿಯರು ಆರೋಗ್ಯವಾಗಿರುತ್ತಾರೆ ಎಂದು ತೋರಿಸುವುದು ಕಾಲೇಜಿಗೆ ಅಗತ್ಯವಾಗಿತ್ತು. ಆದರೆ ವೇಗದ ಸ್ಪರ್ಧೆ ಬೇಡ. ಯಾರು ಚೆಂದವಾಗಿ, ಒಂದೇ ಲಯದಲ್ಲಿ, ಬೆನ್ನು ನೆಟ್ಟಗಿಟ್ಟು ಹುಟ್ಟು ಹಾಕುತ್ತಾರೋ ಅವರಿಗೆ ಗೆಲುವು. ವೆಲ್ಸ್ಲಿಯಲ್ಲಿ ಈ ಪದ್ಧತಿ ಬಹಳ ಕಾಲ ನಡೆಯಿತು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹೆಂಗಸರ ನಡುವೆ ಮೊದಲ ಪಂದ್ಯ ನಡೆದದ್ದು 1927ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಗಂಡಸರದ್ದು ಶುರುವಾಗಿ ಅಷ್ಟರಲ್ಲಿ ಸುಮಾರು ನೂರು ವರ್ಷ. ಹೆಂಗಸರ ಎರಡು ದೋಣಿಗಳು ಒಟ್ಟಿಗೆ ನೀರಿನಲ್ಲಿ ಇರಕೂಡದು ಎಂಬ ಷರತ್ತು. ಹಾಗಾಗಿ ಒಂದಾದ ಮೇಲೆ ಒಂದು ಹೋದವು. ಒಮ್ಮೆ ಸಮಯಕ್ಕೆ ಅಂಕ, ಇನ್ನೊಮ್ಮೆ ಶೈಲಿಗೆ ಅಂಕ. ದಡದಲ್ಲಿ ಸಾವಿರಾರು ಜನ ನೆರೆದಿದ್ದರು, ಒಂದಷ್ಟು ಮಂದಿ ಗೇಲಿ ಮಾಡಲೆಂದೇ ಬಂದಿದ್ದರು. ಎರಡು ದೋಣಿಗಳು ಪಕ್ಕಪಕ್ಕ ಹೋಗದ ದೋಣಿಪಂದ್ಯವನ್ನು ಕಲ್ಪಿಸಿಕೊಳ್ಳಿ. ಹೆಣ್ಣು ಮೈ ಮುರಿದು ಓಡುವುದನ್ನು ಕಣ್ಣಾರೆ ನೋಡುವುದು ಬೇಡ ಎಂಬ ಮುಜುಗರವನ್ನೇ ನಿಯಮ ಮಾಡಿದಂತಿತ್ತು. ಎರಡೂ ಕಡೆಯ ಹೆಂಗಸರು ಗಂಡಸರು ಓಡಿಸುವ ಅದೇ ಥೇಮ್ಸ್ ಹಾದಿಯಲ್ಲಿ, ಅದೇ ದಿನ ಸ್ಪರ್ಧಿಸಿದ್ದು 2015ರಲ್ಲಿ.

ಇದು ನೀರಿನ ಮೇಲಿನ ಮಾತಾಯಿತು. ನೆಲದ ಮೇಲೆ ಹುಟ್ಟು ಹಾಕುವುದು ಇದಕ್ಕಿಂತ ಬಹಳ ಹಳೆಯದು, ಮೊದಮೊದಲು ಅದು ಯುದ್ಧದ ಕೆಲಸ. ಕ್ರಿಸ್ತಪೂರ್ವ 4ನೇ ಶತಮಾನದ ಅಥೆನ್ಸಿನ ಸೇನಾಪತಿ ಖಾಬ್ರಿಯಾಸ್ ಹೊಸ ನಾವಿಕರಿಗೆ ದಡದಲ್ಲೇ ಮರದ ಚೌಕಟ್ಟುಗಳ ಮೇಲೆ ತರಬೇತಿ ಕೊಟ್ಟನಂತೆ. ಕ್ರಿಸ್ತಪೂರ್ವ 260ರ ಸುಮಾರಿಗೆ ಕಾರ್ಥೇಜಿನ ಮೇಲೆ ಸಮುದ್ರಯುದ್ಧಕ್ಕೆ ಹೊರಟ ರೋಮನ್ನರಿಗೆ ಹಡಗು ಕಟ್ಟುವ ಹೊತ್ತಿಗೆ ನಾವಿಕರೂ ತಯಾರಾಗಬೇಕಿತ್ತು. ನೆಲದ ಮೇಲೆ ಹಡಗಿನೊಳಗಿನ ಕ್ರಮದಲ್ಲೇ ಬೆಂಚು ಹಾಕಿ ಅವರನ್ನು ಕೂರಿಸಿ, ಒಬ್ಬ ಕೂಗಿದಂತೆ ಹಿಂದಕ್ಕೆ ಮುಂದಕ್ಕೆ ಬಾಗಿಸಿದರು ಎಂದು ಪಾಲಿಬಿಯಸ್ ಬರೆದಿದ್ದಾನೆ. ಅಮೆರಿಕದಲ್ಲಿ 1870ರ ದಶಕದ ಆರಂಭಕ್ಕೆ, ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರಾದ ವಿಲಿಯಂ ಕರ್ಟಿಸ್ ರೋಯಿಂಗ್ ಮಶೀನಿಗೆ ಪೇಟೆಂಟ್ ಪಡೆದರು. ಮುಂದೆ ರೋಡ್ ಐಲೆಂಡಿನ ನ್ಯಾರಗ್ಯಾನ್ಸೆಟ್ ಕಂಪನಿಯ ಹೈಡ್ರಾಲಿಕ್ ಮಶೀನುಗಳು ದಶಕಗಳ ಕಾಲ ಕಾಲೇಜು, ಕ್ಲಬ್ಬುಗಳ ವ್ಯಾಯಾಮಶಾಲೆಗಳಲ್ಲಿ ಇದ್ದವು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ನದಿಯ ಬದಲಿಗೆ ಅವು.

ಟೈಟಾನಿಕ್ ಹಡಗಿನ ಜಿಮ್ಮಿನಲ್ಲೂ ಒಂದು ರೋಯಿಂಗ್ ಮಶೀನಿತ್ತು. ಬಿಳಿ ಬಟ್ಟೆ ತೊಟ್ಟ ತರಬೇತುದಾರ ಮೆಕಾಲೆ ಅದರ ಮೇಲೆ ಕೂತ ಫೋಟೋ ಉಳಿದಿದೆ. ಪಕ್ಕದಲ್ಲಿ ಕರೆಂಟಿನ ಕುದುರೆ, ಕರೆಂಟಿನ ಒಂಟೆ. ಮೊದಲ ದರ್ಜೆಯ ಪ್ರಯಾಣಿಕರಿಗೆ ಮಾತ್ರ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವೇಳೆ. ಸಮುದ್ರದ ನಟ್ಟನಡುವೆ, ನೀರಿನ ಮೇಲೆ ತೇಲುತ್ತಾ, ನೀರಿಲ್ಲದ ದೋಣಿಗೆ ಹುಟ್ಟು ಹಾಕುವ ಮಹಿಳೆಯರನ್ನು ನೆನೆದರೆ ನನಗೆ ಅವ್ವನ ನಗು ಕೇಳಿಸುತ್ತದೆ.

ಗಮನಿಸಿ, ಈ ಹಳೆಯ ಮಶೀನುಗಳು ಮೈ ದಣಿಸುತ್ತಿದ್ದವು ಅಷ್ಟೇ. ಯಾರು ಎಷ್ಟು ಎಳೆದರು ಎಂದು ಇಬ್ಬರನ್ನು ನಂಬಿಕೆಯಿಂದ ಹೋಲಿಸುವ ಅಳತೆ ಅವುಗಳಲ್ಲಿ ಇರಲಿಲ್ಲ.

ನೀರಿನ ಕಡೆ ಹೆಂಗಸರ ದಾರಿ ಇಂಚಿಂಚಾಗಿ ಸಾಗಿತ್ತು. ಫಿಲಡೆಲ್ಫಿಯಾದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟೀನ್ ಬೇಯರ್ ಎಂಬಾಕೆಯ ಗಂಡ 1928ರ ಒಲಿಂಪಿಕ್ಸಿನಲ್ಲಿ ರೋಯಿಂಗ್ ಬೆಳ್ಳಿ ಗೆದ್ದವರು. ವರ್ಷಗಟ್ಟಲೆ ದಡದಲ್ಲಿ ಕೂತು ಗಂಡನ ಅಭ್ಯಾಸ ನೋಡಿದ ಆಕೆ, ನಾವೇಕೆ ಮಾಡಬಾರದು ಎಂದು ಕೇಳಿ 1938ರಲ್ಲಿ ಹುಡುಗಿಯರ ಕ್ಲಬ್ ಶುರು ಮಾಡಿದರು. ಸ್ಕೇಟಿಂಗ್ ಕ್ಲಬ್ಬೊಂದರ ಕಟ್ಟಡ ಬಾಡಿಗೆಗೆ ಸಿಕ್ಕಿತು. ಯುರೋಪಿನಲ್ಲಿ ಹೆಂಗಸರ ಮೊದಲ ಚಾಂಪಿಯನ್‌ಶಿಪ್ 1954ರಲ್ಲಿ, ಫ್ರಾನ್ಸಿನ ಮಕೋನ್‌ನಲ್ಲಿ. ದೂರ ಗಂಡಸರಿಗೆ 2000 ಮೀಟರ್, ಹೆಂಗಸರಿಗೆ 1000. ಒಲಿಂಪಿಕ್ಸ್ ಬಾಗಿಲು ತೆರೆದದ್ದು 1976ರ ಮಾಂಟ್ರಿಯಲ್‌ನಲ್ಲಿ, ಅಲ್ಲೂ 1000 ಮೀಟರೇ. ಹೆಣ್ಣಿಗೆ ದಮ್ಮು ಸಾಲದು ಎಂಬ ಲೆಕ್ಕಾಚಾರ. ದೂರ ಕಡಿಮೆಯಾದಷ್ಟೂ ಅದು ದಮ್ಮಿಗಿಂತ ಬರೀ ತೋಳ್ಬಲದ ಪಂದ್ಯವಾಗುತ್ತದೆ ಎಂಬುದು ಆ ಲೆಕ್ಕದವರಿಗೆ ಹೊಳೆಯಲಿಲ್ಲ. ಒಲಿಂಪಿಕ್ಸಿನಲ್ಲಿ ಹೆಂಗಸರೂ 2000 ಮೀಟರ್ ಓಡಿಸಿದ್ದು 1988ರಲ್ಲಿ.

ಮಾಂಟ್ರಿಯಲ್‌ಗೆ ನಾಲ್ಕು ತಿಂಗಳ ಮುಂಚೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯೇಲ್‌ನಲ್ಲಿ ಹೆಂಗಸರಿಗೆ ಪದವಿ ತರಗತಿಗಳಲ್ಲಿ ಪ್ರವೇಶ ಸಿಕ್ಕಿದ್ದೇ 1969ರಲ್ಲಿ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದು ಎಂಬ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ರೋಯಿಂಗ್ ತಂಡ ಅಭ್ಯಾಸ ಮಾಡುತ್ತಿದ್ದ ಬೋಟ್‌ಹೌಸ್ ಕ್ಯಾಂಪಸ್ಸಿನಿಂದ ಅರ್ಧ ಗಂಟೆ ದೂರ. ಅಲ್ಲಿ ಗಂಡಸರಿಗೆ ಬಿಸಿನೀರಿನ ಶವರ್, ಬಟ್ಟೆ ಬದಲಿಸುವ ಕೋಣೆ ಇತ್ತು, ಹೆಂಗಸರಿಗೆ ಇರಲಿಲ್ಲ. ಚಳಿಗಾಲದಲ್ಲಿ, ಬೆವರು ಮತ್ತು ನದಿಯ ನೀರು ಎರಡರಲ್ಲೂ ಒದ್ದೆಯಾದ ಬಟ್ಟೆಯಲ್ಲೇ ಅವರು ಬಸ್ಸಿನಲ್ಲಿ ಕೂತು ಕಾಯಬೇಕು. ಗಂಡಸರು ಸ್ನಾನ ಮುಗಿಸಿ, ಬೆಚ್ಚಗೆ ಬಟ್ಟೆ ತೊಟ್ಟು ಬಂದ ಮೇಲೆ ಬಸ್ಸು ಹೊರಡುತ್ತಿತ್ತು. ಹುಡುಗಿಯರು ಕಾಯಿಲೆ ಬಿದ್ದರು. ಹೇಳಿದ್ದಾಯಿತು, ಕೇಳಿದ್ದಾಯಿತು, ಏನೂ ಆಗಲಿಲ್ಲ.

1976ರ ಮಾರ್ಚ್ 3ರಂದು, ತಂಡದ ನಾಯಕಿ ಕ್ರಿಸ್ ಅರ್ನ್‌ಸ್ಟ್ ಮುಂದಾಳಾಗಿ 19 ಹುಡುಗಿಯರು ಮಹಿಳಾ ಕ್ರೀಡೆಗಳ ಹೊಣೆ ಹೊತ್ತಿದ್ದ ಅಧಿಕಾರಿಯ ಕಚೇರಿಗೆ ಹೋದರು. ಜೊತೆಗೆ ವಿದ್ಯಾರ್ಥಿ ವರದಿಗಾರ ಮತ್ತು ಒಬ್ಬ ಫೋಟೋಗ್ರಾಫರ್. ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತು ಅಂಗಿ ಕಳಚಿದರು. ಬೆತ್ತಲೆ ಬೆನ್ನುಗಳ ಮೇಲೂ ಎದೆಯ ಮೇಲೂ ನೀಲಿ ಬಣ್ಣದಲ್ಲಿ "ಟೈಟಲ್ ನೈನ್" ಎಂದು ಬರೆದಿತ್ತು. ಅರ್ನ್‌ಸ್ಟ್ ಒಂದು ಹೇಳಿಕೆ ಓದಿದರು. ತಾತ್ಪರ್ಯ ಇಷ್ಟು: ಈ ಮೈಗಳನ್ನೇ ನೀವು ದುಡಿಸಿಕೊಳ್ಳುತ್ತಿರುವುದು, ಇವಕ್ಕೆ ಏನಾಗುತ್ತಿದೆ ನೋಡಿ. ಸುದ್ದಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಬಂತು. ಹಳೆಯ ವಿದ್ಯಾರ್ಥಿಗಳಿಂದ ಕಾಗದಗಳು ಬಂದವು, ದುಡ್ಡೂ ಬಂತು. ಮುಂದಿನ ವರ್ಷದ ಹೊತ್ತಿಗೆ ಹೆಂಗಸರಿಗೂ ಕೋಣೆ, ಶವರ್ ಆಯಿತು. ಆ ಗುಂಪಿನಲ್ಲಿದ್ದ ಆ್ಯನ್ ವಾರ್ನರ್ ಅದೇ ಬೇಸಿಗೆ ಮಾಂಟ್ರಿಯಲ್‌ನಲ್ಲಿ ಎಂಟು ಜನರ ದೋಣಿಯಲ್ಲಿ ಕಂಚು ಗೆದ್ದರು. ಅರ್ನ್‌ಸ್ಟ್ 1986ರಲ್ಲಿ ವಿಶ್ವ ಚಾಂಪಿಯನ್ ಆದರು. ಹೊಟ್ಟೆಪಾಡಿಗೆ ಅವರು ಆರಿಸಿಕೊಂಡ ವೃತ್ತಿ ಪ್ಲಂಬಿಂಗ್. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಶವರ್ ಕೇಳಿದ ಹುಡುಗಿ ಮುಂದೆ ಊರವರ ಮನೆಗಳಿಗೆ ನಲ್ಲಿ ಕೂರಿಸುವ ಕಂಪನಿ ನಡೆಸಿದಳು.

ಇದೇ ಹೊತ್ತಿಗೆ, 1976ರಲ್ಲೇ, ಡಿಕ್ ಮತ್ತು ಪೀಟ್ ಡ್ರೈಸಿಗಾಕರ್ ಎಂಬ ಅಣ್ಣತಮ್ಮಂದಿರು ಕಾರ್ಬನ್ ಫೈಬರಿನ ಹುಟ್ಟು ತಯಾರಿಸುವ ಕಸುಬು ಶುರು ಮಾಡಿದರು. ಮುಂದೆ ಬೇರೂರಿದ್ದು ವರ್ಮಾಂಟ್ ರಾಜ್ಯದ ಮಾರಿಸ್‌ವಿಲ್‌ನಲ್ಲಿ. ಅಲ್ಲಿನ ಚಳಿಗಾಲ ಉದ್ದ. ದೋಣಿ ಇಳಿಸಲಾಗದ ತಿಂಗಳುಗಳಿಗೆಂದು ಸೈಕಲ್ಲೊಂದನ್ನು ನೆಲಕ್ಕೆ ಬಿಗಿದು, ಜಾರುವ ಸೀಟಿನ ಮೇಲೆ ಕೂತು ಅದರ ಚೈನು ಎಳೆದು ನೋಡಿದರು. ಚಕ್ರಕ್ಕೆ ಪ್ಲಾಸ್ಟಿಕ್ ರೆಕ್ಕೆ ಸಿಕ್ಕಿಸಿದರೆ ಗಾಳಿ ತಡೆಯುತ್ತದೆ. ಜೋರಾಗಿ ಎಳೆದಷ್ಟೂ ತಡೆ ಜಾಸ್ತಿ, ನೀರಿನಲ್ಲಿ ಆಗುವಂತೆಯೇ. 1981ರಲ್ಲಿ ಸೈಕಲ್ ಚಕ್ರದ ಆ ಮಶೀನು ಕಾನ್ಸೆಪ್ಟ್ ಟು ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚೆ ಆಸ್ಟ್ರೇಲಿಯಾ, ನಾರ್ವೆಗಳಲ್ಲಿ ಶ್ರಮ ಅಳೆಯುವ ಯಂತ್ರಗಳಿದ್ದವು, ಆದರೆ ಅವು ದುಬಾರಿ, ತರಬೇತಿ ಕೇಂದ್ರಗಳ ಸ್ವತ್ತು. ಇದು ಮನೆಯ ಗ್ಯಾರೇಜಿಗೂ ಬರುವಂಥದ್ದು. ಡಿಕ್ ಅವರ ಹೆಂಡತಿ ಜೂಡಿ ಗಿಯರ್ ಸ್ವತಃ 1976ರಲ್ಲೂ 1984ರಲ್ಲೂ ಒಲಿಂಪಿಕ್ಸಿನಲ್ಲಿ ಹುಟ್ಟು ಹಾಕಿದವರು. ಜೂಡಿಯ ತಂಗಿ ಕಾರ್ಲಿ 1984ರಲ್ಲಿ ಒಂಟಿ ದೋಣಿಯಲ್ಲಿ ಬೆಳ್ಳಿ ಗೆದ್ದರು. ಅಂದರೆ ಈ ಮಶೀನು ಹುಟ್ಟಿದ ಮನೆಯಲ್ಲೇ ಹೆಂಗಸರೂ ಅದನ್ನು ಎಳೆಯುತ್ತಿದ್ದರು. ಹೆಂಗಸರಿಗೆಂದು ಗುಲಾಬಿ ಬಣ್ಣದ, ಹಗುರ ಚಕ್ರದ ಇನ್ನೊಂದು ಮಾಡೆಲ್ ಯಾರೂ ಮಾಡಲಿಲ್ಲ.

ಬಾಸ್ಟನ್ನಿನ ಒಂದಷ್ಟು ಮಾಜಿ ಒಲಿಂಪಿಕ್ ಪಟುಗಳು ಚಳಿಗಾಲದ ಬೇಸರ ಕಳೆಯಲು ಈ ಮಶೀನುಗಳ ಮೇಲೇ ಪಂದ್ಯ ಆಡಿದರು. 1980ರ ಮಾಸ್ಕೋ ಒಲಿಂಪಿಕ್ಸನ್ನು ಅಮೆರಿಕ ಬಹಿಷ್ಕರಿಸಿದ್ದರಿಂದ ಎಲ್ಲೂ ಹೋಗಲಾಗದೆ ಉಳಿದವರೂ ಅವರಲ್ಲಿದ್ದರು. ತಮ್ಮನ್ನೇ ಗೇಲಿ ಮಾಡಿಕೊಂಡು, ಚಾರ್ಲ್ಸ್ ನದಿಯ ಮಾಜಿ ಮಹಾರಥಿಗಳು ಎಂಬರ್ಥದ ಹೆಸರಿಟ್ಟುಕೊಂಡರು. ಮೊದಲು ಇಪ್ಪತ್ತು ಜನರ ಆಟ. ಬಹುಮಾನ ಒಂದು ಸುತ್ತಿಗೆ. ಬೆಳೆಯುತ್ತಾ ಅದು ಒಳಾಂಗಣ ರೋಯಿಂಗಿನ ವಿಶ್ವ ಚಾಂಪಿಯನ್‌ಶಿಪ್ ಎನಿಸಿಕೊಂಡಿತು. 1996ರಿಂದ ಅಲ್ಲಿ ದೂರ 2000 ಮೀಟರ್, ಹೆಂಗಸರಿಗೂ ಗಂಡಸರಿಗೂ. ಪಕ್ಕಪಕ್ಕದ ಮಶೀನು, ಒಂದೇ ಅಳತೆ. ಶೈಲಿಗೆ ಅಂಕವಿಲ್ಲ.

ಈ ಅಳತೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನಾವು ಎಳೆದು ಬಿಟ್ಟ ಮೇಲೆ, ಮುಂದಿನ ಎಳೆತಕ್ಕೆ ಸೀಟು ಮುಂದೆ ಜಾರುವಾಗ, ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಮಶೀನು ನೋಡಿಕೊಳ್ಳುತ್ತದೆ. ಚಕ್ರದ ತೂಕದ ಹಂಚಿಕೆ ಗೊತ್ತಿರುವುದರಿಂದ ಗಾಳಿಯ ತಡೆ ಎಷ್ಟೆಂದು ಪ್ರತಿ ಎಳೆತದಲ್ಲೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಾಗಾಗಿ ಚೆನ್ನೈನ ಸೆಕೆಯಲ್ಲಿ ಧೂಳು ಹಿಡಿದ ಮಶೀನೂ ದೆಹಲಿಯ ಚಳಿಯಲ್ಲಿ ಹೊಸದಾಗಿ ಬಂದ ಮಶೀನೂ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಇನ್ನೊಂದು ಸಂಗತಿ, ಬಲ ಏರುವುದು ವೇಗದ ಘನಕ್ಕೆ ತಕ್ಕಂತೆ. 500 ಮೀಟರಿಗೆ 3 ನಿಮಿಷ ತೆಗೆದುಕೊಂಡರೆ ಸುಮಾರು 60 ವ್ಯಾಟ್. ಅದನ್ನು ಎರಡೂವರೆ ನಿಮಿಷಕ್ಕೆ ಇಳಿಸಲು ಸುಮಾರು 104 ವ್ಯಾಟ್ ಬೇಕು. ಮೊದಲ ವಾರ ನನಗೆ 2000 ಮೀಟರಿಗೆ 12 ನಿಮಿಷ ಹಿಡಿಯಿತು. ಹತ್ತು ತಿಂಗಳ ಮೇಲೆ 10 ನಿಮಿಷದ ಒಳಗೆ ಬಂತು. ಎರಡು ನಿಮಿಷ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ನನ್ನ ಕಾಲು, ಬೆನ್ನುಗಳ ಬಲ ಮುಕ್ಕಾಲು ಪಾಲು ಹೆಚ್ಚಾಗಿತ್ತು. ಅಷ್ಟೂ ತಿಂಗಳಲ್ಲಿ ತೂಕದ ಯಂತ್ರದ ಮುಳ್ಳು ಎರಡು ಕಿಲೋ ಕೂಡ ಅಲುಗಿರಲಿಲ್ಲ. ಮೊದಲ ಜಿಮ್ಮಿನ ಫಾರ್ಮಿನ ಪ್ರಕಾರ ನಾನು ಫೇಲು.

ಮಶೀನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಎತ್ತರದವರಿಗೆ, ಭಾರದವರಿಗೆ ಅದು ಹೆಚ್ಚು ಅಂಕ ಕೊಡುತ್ತದೆ. ಅದಕ್ಕೇ ಹಗುರ ತೂಕದ ಹೆಂಗಸರಿಗೆ 61.5 ಕಿಲೋ ಮಿತಿಯ ಪ್ರತ್ಯೇಕ ವಿಭಾಗ ಮಾಡಿದರು. ಹಾಗೆ ಮಾಡಿದ್ದೇ ತಡ, ಆ ಮಿತಿಯೊಳಗೆ ಉಳಿಯಲು ಹುಡುಗಿಯರು ಊಟ ಬಿಡತೊಡಗಿದರು. ತೂಕದ ಯಂತ್ರ ಹಿಂಬಾಗಿಲಿನಿಂದ ಒಳಗೆ ಬಂತು. ತಪ್ಪಾಗಿ ಎಳೆದರೆ ಸೊಂಟ ನೋಯುತ್ತದೆ, ಅದನ್ನು ಅನುಭವದಿಂದ ಹೇಳಬಲ್ಲೆ. ಸರಿಯಾಗಿ ಎಳೆದರೆ ಮಾತ್ರ, ಓಟದಂತೆ ನೆಲಕ್ಕೆ ಕಾಲು ಅಪ್ಪಳಿಸುವ ಪೆಟ್ಟು ಇಲ್ಲದ್ದರಿಂದ, ನಲವತ್ತು ದಾಟಿದ ಮಂಡಿಗಳಿಗೂ ಹಿತ.

ಹೆಣ್ಣಿನ ಮೈಗೆ ಇದು ಆಗದು ಎಂಬ ವೈದ್ಯಸಲಹೆ 19ನೇ ಶತಮಾನಕ್ಕೇ ಮುಗಿದಿರಲಿಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರು ತೋಳಿಗೆ ಜೋರಾದ ಕೆಲಸ ಕೊಡಬಾರದು, ಕೊಟ್ಟರೆ ಕೈ ಬಾತುಕೊಳ್ಳುತ್ತದೆ ಎಂದು 1990ರ ದಶಕದಲ್ಲೂ ಹೇಳುತ್ತಿದ್ದರು. ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಅಂಥ 24 ಹೆಂಗಸರನ್ನು ಕೂಡಿಸಿ, ಮೊದಲು ಜಿಮ್ಮಿನಲ್ಲಿ ತಯಾರು ಮಾಡಿ, ಆಮೇಲೆ ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿದರು. ಅದು ಮುಂದೆ ಮುಖ ಮಾಡಿ ಹಾಕುವ ಹುಟ್ಟು, ನಮ್ಮ ಹರಿಗೋಲಿನ ಬಳಗದ್ದು. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಆ ಹೆಂಗಸರು ಸೀಸನ್ ಮುಗಿದ ಮೇಲೂ ದೋಣಿ ಬಿಡಲಿಲ್ಲ. ಇವತ್ತು ಇಂಥ ತಂಡಗಳು ಹಲವು ದೇಶಗಳಲ್ಲಿವೆ.

ನಮ್ಮ ಕಡೆಯ ನೀರಿನ ಕಥೆ ಚಿಕ್ಕದು. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದು, ಅಡ್ಯಾರ್ ನದಿಯ ಮದ್ರಾಸ್ ಬೋಟ್ ಕ್ಲಬ್ 1867ರದು, ಪುಣೆಯ ರಾಯಲ್ ಕನಾಟ್ ಬೋಟ್ ಕ್ಲಬ್ 1868ರದು. ಚೆನ್ನೈನಲ್ಲೋ ಪುಣೆಯಲ್ಲೋ ಇರುವ ನೀವು ಅವುಗಳ ಗೇಟಿನ ಮುಂದೆ ಹಾದುಹೋಗಿರಬಹುದು. ಬ್ರಿಟಿಷರು ತಮಗಾಗಿ ಕಟ್ಟಿಕೊಂಡ ಜಾಗಗಳವು. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಒಡಿಶಾದ ಪ್ರತಿಮಾ ಪುಹಾನ ಮತ್ತು ಪ್ರಮೀಳಾ ಪ್ರವಾ ಮಿಂಜ್ ಇಬ್ಬರ ದೋಣಿಯಲ್ಲಿ ಕಂಚು ಗೆದ್ದರು. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಮುಳಾ ನದಿಯಲ್ಲಿ ವರ್ಷಕ್ಕೊಮ್ಮೆ ರೆಗಟ್ಟಾ ನಡೆಸುತ್ತಾರೆ, ಹುಡುಗಿಯರೂ ದೋಣಿ ಇಳಿಸುತ್ತಾರೆ. ಆದರೆ ನನ್ನಂಥವರಿಗೆ ನದಿ ಇಲ್ಲ, ಕ್ಲಬ್ಬಿನ ಸದಸ್ಯತ್ವವಂತೂ ದೂರದ ಮಾತು. ನಮ್ಮ ಪಾಲಿಗೆ ಬಂದದ್ದು ಪಾರ್ಕಿಂಗಿನ ಪಕ್ಕದ ಮಶೀನು. ಬೆಳಿಗ್ಗೆ ಆರೂವರೆಗೆ ಅದರ ಮುಂದೆ ಈಗ ಸಾಲು. ನಾಲ್ಕನೇ ಮಹಡಿಯ ಮರಾಠಿ ಕಾಕು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಳೆಯುತ್ತಾರೆ; ಬಿ ಬ್ಲಾಕಿನ ಹುಡುಗಿ ರಾತ್ರಿ ಪಾಳಿ ಮುಗಿಸಿ ಬಂದು ಎಳೆಯುತ್ತಾಳೆ. ಇವರಲ್ಲಿ ಯಾರೂ ದೋಣಿ ಹತ್ತಿದವರಲ್ಲ.

ಅವ್ವ ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಕೆಳಗೆ ಬಂದಳು. ಕೋಣೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸೀಟಿನ ಮೇಲೆ ಕೂತಳು. ಮೊದಲು ಕಾಲು, ಆಮೇಲೆ ಬೆನ್ನು, ಆಮೇಲೆ ಕೈ ಎಂದು ನಾನು ಹೇಳುತ್ತಿದ್ದೆ. ಅವಳು "ಗೊತ್ತದ ಬಿಡು" ಎಂದು ಎಳೆಯತೊಡಗಿದಳು. ಹನ್ನೆರಡು ಸಲ ಎಳೆದು ನಿಲ್ಲಿಸಿ, "ಎಷ್ಟಾತು?" ಎಂದಳು.

"ಎಂಬತ್ತೆಂಟು ಮೀಟರ್."

"ಅಂದ್ರ ಎಷ್ಟ ಮಾರು?"

ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದೆ, ನಲವತ್ತೆಂಟು.

"ನಮ್ಮ ಬಾವಿ ಹನ್ನೆರಡ ಮಾರು ಇತ್ತು. ನಾಕ ಕೊಡ ನೀರು ಆತು ನೋಡು," ಎಂದು ಅವ್ವ ಹಿಡಿಕೆಯನ್ನು ಮತ್ತೆ ಬಿಗಿಯಾಗಿ ಹಿಡಿದುಕೊಂಡಳು.